ಅಕ್ಕನಿಗಾಗಿ ಹಚ್ಚಿದ ಧಾರಾವಾಹಿ

ಶಿಸ್ತಿನಿಂದ ಮಾಡಿದ ಕೆಲಸವೇ ನನ್ನ ಮನೆಯಲ್ಲಿ ನಗೆಪಾಟಲಾಗುತ್ತದೆ. ಇದು ಮೊದಲ ಸಲವೇನಲ್ಲ.

ಆ ಬರಗಾಲದಲ್ಲಿ ಭಾಲ್ಕಿಯ ಅಕ್ಕನ ಓಣಿಗೆ ಓಣಿಯೇ ಹೈದರಾಬಾದಿಗೆ ಗುಳೆ ಹೋಯಿತು. ಭಾವ ತೀರಿಕೊಂಡು ಮೂರು ತಿಂಗಳಾಗಿತ್ತು. ಅಕ್ಕನನ್ನು ಬೀದರಿಗೆ, ಮೈಲೂರಿನ ನನ್ನ ಮನೆಗೆ ಕರೆತಂದೆ. ಬಂದವಳು ಗೋಡೆ ನೋಡುತ್ತ ಕೂತಳು. ತಟ್ಟೆ ಇಟ್ಟಂತೆಯೇ ವಾಪಸ್ ಬರುತ್ತಿತ್ತು. "ಹಿಂಗ ಆದ್ರ ದವಾಖಾನಿಗಿ ಹಾಕಬೇಕಾಗ್ತದ್ರಿ" ಎಂದರು ಡಾಕ್ಟರು.

ಸಣ್ಣವರಿದ್ದಾಗ ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದ ಹಿಂದಿ ಧಾರಾವಾಹಿಯೊಂದು ಮಗನ ಲ್ಯಾಪ್‌ಟಾಪಿನಲ್ಲಿ ಸಿಕ್ಕಿತು. ಮೊದಲ ಕಂತಿನಿಂದ, ಕ್ರಮವಾಗಿ, ದಿನಾ ಸಂಜೆ ಐದಕ್ಕೆ ಸರಿಯಾಗಿ ಹಚ್ಚತೊಡಗಿದೆ.

ಕಾಣದ ಮಂದಿ

ಅದರಲ್ಲಿ ಮಾತಿಗೊಮ್ಮೆ ಗೊಳ್ಳನೆ ನಗು ಕೇಳಿಸುತ್ತದೆ. ನಮ್ಮ ಕೋಣೆಯಲ್ಲಿ ಮಾತ್ರ ಯಾರೂ ನಗಲಿಲ್ಲ.

"ತಮ್ಮಾ, ನಗೋರು ಎಲ್ಲಿ ಕುಂತಾರ?" ಎಂದಳು ಅಕ್ಕ.

"ಅವರು ಕಾಣಂಗಿಲ್ಲ. ಧ್ವನಿ ಅಷ್ಟ."

"ಹಂಗಾರ ಅವರೂ ನಮ್ಮ ಓಣಿ ಮಂದೀನೇ ಇರಬೇಕು."

ನಳ

ಮೂರನೇ ಕಂತಿನಲ್ಲಿ ನಾಯಕ ಬಚ್ಚಲಲ್ಲಿ ನಳ ಬಿಟ್ಟುಕೊಂಡು ಹಾಡುತ್ತಾನೆ. ಅಂದು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದೆವು. ಈಗ ಕಿಟಕಿಯಾಚೆ ಓಣಿಯ ಹೆಂಗಸರು ಟ್ಯಾಂಕರಿಗೆ ಕಾದು ಕೊಡ ಹಿಡಿದು ನಿಂತಿದ್ದರು. ಔರಾದ ತಾಲ್ಲೂಕಿನ ಡಾಬಕಾದಿಂದ ಬಂದು ನಮ್ಮ ಓಣಿಯಲ್ಲಿ ಉಳಿದ ಹೆಂಗಸೊಬ್ಬಳು ಕಿಟಕಿಯೊಳಗೆ ಮುಖ ತೂರಿಸಿ ಚೀರಿದಳು: "ಏ ಮೂಳಾ, ನಳ ಬಂದ್ ಮಾಡೋ!"

"ಬೇ, ಅದು ಮೂವತ್ತು ವರ್ಷದ ಹಿಂದಿನ ನೀರು" ಎಂದು ತಿಳಿಹೇಳಿದೆ.

"ಹಳೀದಾದ್ರ ಏನಾತ್ರಿ ಸರ್? ಸೋಸಿ ಕುಡಿತಿದ್ದಿವಿ!"

ಹಿರಿಯರ ಮಾತು

ಮಹಡಿಯ ಮೇಲೆ ಮೈಸೂರು ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರು ಆಗಷ್ಟೇ ವರ್ಗವಾಗಿ ಬಂದು ಬಾಡಿಗೆಗಿದ್ದರು. ಒಂದು ಸಂಜೆ ಅವರನ್ನೂ ಕರೆದೆ. ನನ್ನ ಮುಖ ನೋಡಿಯೋ ಏನೋ, ಪರೀಕ್ಷೆಗೆ ಬಂದವರಂತೆ ಬಿಗಿದು ಕೂತರು.

ಅಂದು ಅಕ್ಕ ಚಹಾ ಕೂಡ ಮುಟ್ಟಿರಲಿಲ್ಲ. ನನಗೆ ಒಳಗೊಳಗೇ ಅಂಜಿಕೆ. ರೊಟ್ಟಿಯ ತಟ್ಟೆ ಹಿಡಿದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಅಕ್ಕಾ, ಎರಡು ತುತ್ತು ಉಣ್ಣು."

"ನಕ್ಕೋ" ಎಂದಳು. ದಖ್ಖನಿ ಬೆರೆತ ನಮ್ಮ ಮಾತಿನಲ್ಲಿ ಹಾಗೆಂದರೆ 'ಬೇಡ'.

ಅಧಿಕಾರಿ "ಹ್ಹಹ್ಹಹ್ಹ" ಎಂದರು. ಪರದೆಯ ಮೇಲೆ ಅತ್ತೆ ಅಳುತ್ತಿದ್ದಳು.

"ಹಾಲರ ಕುಡಿ, ನನ್ನ ಸಲುವಾಗಿ."

"ನಕ್ಕೋ ಅಂದ್ನಲ್ಲ! ನಕ್ಕೋ!"

ಅಧಿಕಾರಿ ಎರಡು ಸಲ ನಕ್ಕರು, ಇನ್ನೂ ಜೋರಾಗಿ.

ನಾನು ತಿರುಗಿದೆ. "ಏನ್ರಿ, ನಮ್ಮ ಅಕ್ಕ ಉಪವಾಸ ಇದ್ದರ ನಿಮಗ ನಗಿ ಬರ್ತದೇನು?"

ಅವರು ಬೆವರಿಬಿಟ್ಟರು. "ಇಲ್ಲ ಸಾರ್, ಒಂಚೂರೂ ಬರ್ತಿಲ್ಲ! ಅಮ್ಮಾವ್ರು 'ನಕ್ಕೋ ನಕ್ಕೋ' ಅಂತ ಗದರಿಸ್ತಿದ್ರಲ್ಲ, ದೊಡ್ಡವರ ಮಾತು ತೆಗೆದುಹಾಕೋದು ಹೇಗೆ ಅಂತ ಕಷ್ಟಪಟ್ಟು ನಕ್ಕೆ ಸಾರ್."

ಅಕ್ಕ ಒಂದು ಗಳಿಗೆ ಅವರನ್ನೇ ನೋಡಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈಯಿಂದ ತಟ್ಟೆ ಕಸಿದುಕೊಂಡಳು. ರೊಟ್ಟಿ ಮುರಿಯುತ್ತ ಹೇಳಿದಳು:

"ತಮ್ಮಾ, ಆ ಡಬ್ಬಿ ಬಂದ್ ಮಾಡು. ನಾಳಿಂದ ಐದಕ್ಕ ಇವರನ್ನ ಹಚ್ಚು."