ಒಂದು ಬಡಿತಕ್ಕೆ ಎರಡು ಕೂಗು

ಅಂದು ಬೆಳಿಗ್ಗೆ ಕಾವಲುಗಾರ ಎದೆ ಕೊಡಲು ಒಪ್ಪದಿದ್ದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

"ಆ ಮೆಷಿನ್ನು ಎದೆಯೊಳಗಿರೋದನ್ನೆಲ್ಲ ಹೊರಗೆ ಹಾಕುತ್ತಂತೆ. ನನ್ನ ಸಂಸಾರದ ವಿಷಯ ನಿಮಗ್ಯಾಕೆ ಸಾರ್?" ಎಂದವನು ಗೇಟಿಗೆ ಹೋಗಿ ನಿಂತುಬಿಟ್ಟ.

ತಂತ್ರಜ್ಞ ಗೇಟಿನವರೆಗೂ ಹೋಗಿ ಗೋಗರೆದು ಬರಿಗೈಯಲ್ಲಿ ವಾಪಸಾದ. ಹೃದಯದ ಪ್ರತಿ ಬಡಿತಕ್ಕೂ ಪರದೆಯ ಮೇಲೆ ಮೊದಲು ಒಂದು ಚೂಪು ಅಲೆ, ಅದರ ಬೆನ್ನಿಗೆ ಒಂದು ಗುಂಡು ಅಲೆ ಮೂಡುತ್ತದೆ. ಚೂಪು ಅಲೆಯನ್ನು ಮಾತ್ರ ಗುರುತಿಸಿ 'ಪೀಂ' ಎನ್ನುವ ಯಂತ್ರವನ್ನು ಅವನು ಕಟ್ಟಿದ್ದ. ನಿನ್ನೆಯವರೆಗೂ ಕಾವಲುಗಾರನ ಎದೆಯ ಮೇಲೆ ಅದು ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ತಪ್ಪದೆ ಕೂಗುತ್ತಿತ್ತು. ಇವತ್ತು ಆಸ್ಪತ್ರೆಯ ಖರೀದಿ ಅಧಿಕಾರಿ ನೋಡಿ ಮೆಚ್ಚಿದರೆ ಇವನ ಕೆಲಸ ಕಾಯಂ, ಇಲ್ಲವಾದರೆ ಮನೆಯ ದಾರಿ.

"ನಿನ್ನ ಎದೆಗೇ ಹಚ್ಕೊಳ್ಳಪ್ಪ, ಅದೇನು ಬಾಡಿಗೇದಾ?" ಎಂದರು ಕಂಪನಿಯ ಸಾಹೇಬರು.

ಅಧಿಕಾರಿಯ ಎದುರು ತಂತ್ರಜ್ಞ ಅಂಗಿ ಬಿಚ್ಚಿ ಮಲಗಿದ. ಅವನಿಗೆ ಮಾತ್ರ ಗೊತ್ತಿದ್ದ ಸಂಗತಿಯೆಂದರೆ, ಅವನ ಗುಂಡು ಅಲೆಯೂ ಚೂಪು ಅಲೆಯಷ್ಟೇ ಎತ್ತರ. ಅದು ಕಾಯಿಲೆಯಲ್ಲ, ಕೆಲವರಿಗೆ ಮೂಗು ಉದ್ದವಿರುವ ಹಾಗೆ. ಯಂತ್ರಕ್ಕೆ ಆ ವಿವೇಕವೆಲ್ಲಿಯದು? ಎರಡನ್ನೂ ಎಣಿಸಿ 'ಪೀಂ ಪೀಂ, ಪೀಂ ಪೀಂ' ಎಂದು ಅರಚತೊಡಗಿತು. ಬಡಿತದ ಲೆಕ್ಕ ಎರಡು ಪಟ್ಟಾಯಿತು.

"ನಮ್ಮ ಮಾವನೋರಿಗೂ ಹೀಗೇ ಆಗಿತ್ತು, ಪಾಪ," ಎಂದು ಆಫೀಸಿನ ಹಿರಿಯ ಗುಮಾಸ್ತೆ, ಎಲ್ಲರ ಪಾಲಿನ ಅಕ್ಕ, ಸೆರಗು ಬಾಯಿಗಿಟ್ಟುಕೊಂಡಳು.

"ನಾಡಿ ಹಿಡಿದು ನೋಡಿ ಅಕ್ಕ, ಸರಿಯಾಗೇ ಇದೆ."

"ಮೆಷಿನ್ನೇ ಹೇಳ್ತಿರುವಾಗ ನಾಡಿ ಯಾಕಪ್ಪ?"

ಸಾಹೇಬರು ಬಗ್ಗಿ ಕಿವಿಯಲ್ಲಿ ಕೇಳಿದರು: "ತಪ್ಪು ಮೆಷಿನ್ನಿಂದೋ, ನಿಂದೋ? ಯೋಚನೆ ಮಾಡಿ ಹೇಳು."

ಅವನು ಯೋಚಿಸಿದ. ಹೆಂಡತಿ, ಮಕ್ಕಳು ಕಣ್ಣ ಮುಂದೆ ಬಂದರು. "ನಂದೇ ಸಾರ್. ನನ್ನ ಎದೆ ಮೊದಲಿಂದ್ಲೂ ಸರಿ ಇಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಅಧಿಕಾರಿ ತಲೆದೂಗಿದರು. "ಮಲಗಿದ ತಕ್ಷಣ ಮೆಷಿನ್ನು ಕಾಯಿಲೆ ಕಂಡುಹಿಡೀತಲ್ಲ ಸ್ವಾಮಿ. ನಮಗೆ ಇಂಥದ್ದೇ ಬೇಕಿತ್ತು." ಯಂತ್ರ ಅಲ್ಲೇ ಮಾರಾಟವಾಯಿತು. ಸಾಹೇಬರು ಕೆಲಸ ಕಾಯಂ ಎಂದು ಬೆನ್ನು ತಟ್ಟಿದರು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಸಂಜೆ ಅಕ್ಕ ಬಂದಳು. "ಕಾಯಂ ಆಗೋಕೆ ಆರೋಗ್ಯ ತಪಾಸಣೆ ಪಾಸಾಗ್ಬೇಕಲ್ಲಪ್ಪ. ಎದೆ ಸರಿ ಇಲ್ಲ ಅಂತ ನೀನೇ ಒಪ್ಕೊಂಡೆ."

"ಅದು ಮೆಷಿನ್ ತಪ್ಪು ಅಕ್ಕ!"

"ಮೆಲ್ಲಗೆ, ಸಾಹೇಬ್ರಿಗೆ ಕೇಳಿಸಿದ್ರೆ ಇರೋ ಕೆಲಸಾನೂ ಹೋಗುತ್ತೆ."

"ಹಾಗಾದ್ರೆ ಆಸ್ಪತ್ರೇಲಿ ಇನ್ನೊಂದ್ಸಲ ಪರೀಕ್ಷೆ ಮಾಡ್ಸಿ."

"ಮಾಡಿಸೋಣ. ಆದ್ರೆ ಇನ್ಮೇಲೆ ಅಲ್ಲಿರೋದು ನಿನ್ನ ಮೆಷಿನ್ನೇ."

ಕಾಲೆಳೆದುಕೊಂಡು ಹೊರಟವನಿಗೆ ಕಾವಲುಗಾರ ಗೇಟು ತೆರೆದ.

"ನಾನು ಬೆಳಿಗ್ಗೇನೇ ಹೇಳ್ಲಿಲ್ವಾ ಸಾರ್, ಅದಕ್ಕೆ ಎದೆ ಕೊಡಬಾರ್ದು ಅಂತ."