ಹಣ್ಣು ಹಿಡಿದಷ್ಟು ಹಿಟ್ಟು

ನಾನು ಎಣ್ಣೆ ಬಾಣಲೆ ಒಲೆಯ ಮೇಲಿಟ್ಟ ದಿನವೇ ನಮ್ಮ ಮನೆಯಲ್ಲಿ ಏನಾದರೊಂದು ಆಗುತ್ತದೆ. ಇದು ಇಂದು ನಿನ್ನೆಯ ಮಾತಲ್ಲ, ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದಾಗಿನಿಂದ ಹೀಗೇ. ನಾನು ಮೊದಲೇ ಹೆದರುಪುಕ್ಕಲಿ. ಒಲೆ ಹೊತ್ತಿಕೊಳ್ಳದಿದ್ದರೆ ಭಯ, ಹೊತ್ತಿಕೊಂಡರೂ ಭಯ. ಅಂಥವಳು ಯುದ್ಧದ ಕಾಲದಲ್ಲಿ, ಗೋಧಿ ಸಕ್ಕರೆ ಎರಡನ್ನೂ ರೇಷನ್ನಿನಲ್ಲಿ ಅಳೆದು ಕೊಡುತ್ತಿದ್ದ ದಿನಗಳಲ್ಲಿ, ಬಾಳೆಹಣ್ಣಿನ ಬನ್ಸ್ ಕಲಿಯಲು ಹೊರಟೆನಲ್ಲ, ಅದು ಈಗಲೂ ನನಗೆ ಆಶ್ಚರ್ಯವೇ.

೧. ಹಣ್ಣಿನ ಹಸಿವು

ರಾಜಘಟ್ಟದ ಹತ್ತಿರ ನಮ್ಮ ಮಾವನವರ ತೋಟವಿತ್ತು. ಅಲ್ಲಿಂದ ಮೂರು ಗೊನೆ ತಂದು, ಹುಲ್ಲು ಮುಚ್ಚಿ ಹಣ್ಣಿಗಿಟ್ಟರು. ಮೂರೂ ಒಂದೇ ದಿನ ಹಣ್ಣಾದವು. ತಿಂದೆವು, ಹಂಚಿದೆವು. ಕೊನೆಗೆ ನಾನು ಬುಟ್ಟಿ ಹಿಡಿದು ಬರುವುದು ಕಂಡರೆ ಬೀದಿಯವರು ಬಾಗಿಲು ಹಾಕಿಕೊಳ್ಳುವಂತಾಯಿತು. ಆದರೂ ಒಂದು ಗೊನೆ ಉಳಿಯಿತು. ಸಿಪ್ಪೆ ಕಪ್ಪಾಗುತ್ತಾ ಬಂತು. ಕೊಳೆತರೆ ಅತ್ತೆ ನನ್ನನ್ನೇ ಅನ್ನುತ್ತಾರೆ ಎಂದು ನನಗೆ ದಿಗಿಲು.

ಪಕ್ಕದ ಮನೆಯಲ್ಲಿದ್ದ ರೈಲ್ವೆ ಗುಮಾಸ್ತರ ಹೆಂಡತಿ ಕರಾವಳಿಯವರು. ಗೋಡೆಯ ಮೇಲಿಂದ ಕತ್ತು ಚಾಚಿ ಹೇಳಿದರು: "ಎಸೆಯುವುದು ಎಂತಕೆ ಮಾರಾಯ್ತಿ, ಬನ್ಸ್ ಮಾಡು. ಹಣ್ಣು ಕಿವುಚಿ ಹುಳಿ ಮೊಸರು, ಉಪ್ಪು, ಜೀರಿಗೆ, ಚಿಟಿಕೆ ಸೋಡಾ ಹಾಕು. ನೀರು ಒಂದು ಹನಿಯೂ ಬೇಡ. ಹಣ್ಣು ಎಷ್ಟು ಹಿಡಿಯುತ್ತದೋ ಅಷ್ಟು ಹಿಟ್ಟು. ಸಂಜೆ ಕಲಸಿಟ್ಟು ಬೆಳಿಗ್ಗೆ ಲಟ್ಟಿಸಿ ಎಣ್ಣೆಗೆ ಬಿಡು. ಪೂರಿಯ ಹಾಗೆ ಉಬ್ಬುತ್ತದೆ."

"ಸಕ್ಕರೆ?"

"ಸಕ್ಕರೆ ಎಂತಕೆ, ಹಣ್ಣಿಲ್ವಾ?"

ಸಕ್ಕರೆ ಬೇಡ ಎಂದ ಕೂಡಲೇ ನಾನು ಬೇರೇನೂ ಕೇಳಲಿಲ್ಲ. ಇದ್ದ ಹಣ್ಣನ್ನೆಲ್ಲ ದೊಡ್ಡ ತಪ್ಪಲೆಗೆ ಹಾಕಿ ಕಿವುಚಿದೆ. ಒಂದು ಸೇರು ಗೋಧಿಹಿಟ್ಟು ಹಾಕಿದೆ, ಗಂಜಿಯಂತಿತ್ತು. ಇನ್ನೊಂದು ಸೇರು ಹಾಕಿದೆ, ಮೊಣಕೈವರೆಗೆ ಅಂಟಿಕೊಂಡಿತು. ಮತ್ತೊಂದು ಹಾಕುವಷ್ಟರಲ್ಲಿ ಡಬ್ಬದ ತಳ ಕಂಡಿತು. ಅದು ಇಡೀ ತಿಂಗಳ ಗೋಧಿ.

ಕಚೇರಿಯಿಂದ ಬಂದ ನಮ್ಮ ಯಜಮಾನರು ಬಾಗಿಲಲ್ಲೇ ನಿಂತರು. "ಇನ್ನೂ ಎಷ್ಟು ಬೇಕೇ?"

"ನಂಗೇನು ಗೊತ್ತು? ಅದು ಕೇಳ್ತಾನೇ ಇದೆ."

ಅಳು ಬರುವುದೊಂದು ಬಾಕಿ. ಹಿಟ್ಟು ಮೆತ್ತಿದ ಕೈಯಲ್ಲೇ ಗೋಡೆಯ ಹತ್ತಿರ ಓಡಿದೆ. ಆಕೆ ನನ್ನ ಕೈ ನೋಡಿ ಕೇಳಿದರು: "ಎಷ್ಟು ಹಣ್ಣು ಹಾಕಿದೆ?"

"ಒಂದು ಗೊನೆ."

ಆಕೆ ಹಣೆಗೆ ಕೈ ಹಚ್ಚಿಕೊಂಡರು. ಆಮೇಲೆ ಮೆಲ್ಲಗೆ ಅಂದರು: "ನಾನು ಹೇಳಿದ್ದು ಮೂರು ಹಣ್ಣಿಗೆ."

೨. ವಾಸನೆ

ಕಲಸಿದ್ದನ್ನು ಬಿಸಾಡುವ ಹಾಗಿಲ್ಲ. ಪಕ್ಕದ ಮನೆಯಾಕೆ ಕೊಟ್ಟ ಹಿಟ್ಟನ್ನೂ ಸೇರಿಸಿ ನಾದಿ, ಬಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟೆ. ಒಲೆಯ ಕಾವಿಗೆ ಹಿಟ್ಟು ಹುಳಿಯಾಗಿ, ಬೆಳಗಾಗುವಷ್ಟರಲ್ಲಿ ಬಟ್ಟೆಯನ್ನೂ ಎತ್ತಿಕೊಂಡು ಉಬ್ಬಿ ನಿಂತಿತ್ತು.

ಅತ್ತೆ ಎದ್ದು ನಡುಮನೆಗೆ ಬಂದವರೇ ಮೂಗು ಅರಳಿಸಿದರು. "ಏನೇ ಇದು, ಹೆಂಡದ ವಾಸನೆ?"

ಹಿಟ್ಟಿನದು ಎಂದರೆ ತಿಂಗಳ ಗೋಧಿಯ ಕಥೆ ಹೊರಬೀಳುತ್ತದೆ. ನಾನು ಸುಮ್ಮನಿದ್ದೆ. ನನ್ನ ಮೌನಕ್ಕೆ ಅತ್ತೆ ತಮಗೆ ತೋಚಿದ ಅರ್ಥ ಮಾಡಿಕೊಂಡರು. ಮಾವನವರು ಹಿಂದಿನ ದಿನ ತೋಟಕ್ಕೆ ಹೋಗಿ ತಡವಾಗಿ ಬಂದಿದ್ದರು. ತೋಟದ ದಾರಿಯಲ್ಲಿ ಈಚಲ ಮರಗಳೂ ಇದ್ದವು. ಪಾಪ, ಆ ಮನುಷ್ಯ ಕಾಫಿ ಬಿಟ್ಟರೆ ಬೇರೇನನ್ನೂ ಮುಟ್ಟಿದವರಲ್ಲ.

ಅತ್ತೆ ನೇರ ಜಗುಲಿಗೆ ಹೋಗಿ, ಕಂಬಕ್ಕೊರಗಿ ಕೂತಿದ್ದ ಮಾವನವರ ಮುಂದೆ ಬಗ್ಗಿದರು. "ಬಾಯಿ ಬಿಡಿ." ಅವರು ಬಾಯಿ ಬಿಟ್ಟರು. ಅತ್ತೆ ಮೂಸಿದರು. ನಂಬಿಕೆ ಬರದೆ ಇನ್ನೊಮ್ಮೆ ಮೂಸಿದರು. ನಾನು ಬಾಗಿಲ ಸಂದಿಯಲ್ಲಿ ಇಣುಕುತ್ತಾ ನಿಂತಿದ್ದೆ. ಕೊನೆಗೆ ತಡೆಯಲಾರದೆ ತಪ್ಪಲೆಯನ್ನೇ ಹೊತ್ತು ತಂದು ಅವರ ಮುಂದೆ ಇಟ್ಟುಬಿಟ್ಟೆ.

ನನಗೆ ಬೈಗುಳ ಸಾಂಗವಾಗಿ ಆಯಿತು. ಮಾವನವರು ಮಾತ್ರ ಕೋಪಿಸಿಕೊಳ್ಳಲಿಲ್ಲ. ಮಗನನ್ನು ಕರೆದು ಹೇಳುತ್ತಿದ್ದರು: "ನಿಮ್ಮಮ್ಮ ಇಷ್ಟು ಹತ್ತಿರ ಬಂದು ನನ್ನ ಮುಖ ನೋಡಿ ಇಪ್ಪತ್ತು ವರ್ಷ ಆಗಿತ್ತು ಕಣಪ್ಪಾ. ಆ ಹಿಟ್ಟನ್ನ ಆಗಾಗ ಕಲಸೋಕೆ ಹೇಳು."

೩. ಬಾಯಿ ಬಿಡದ ಅತ್ತೆ

ಬನ್ಸ್ ಉಬ್ಬಿತು. ಬಾಗಿಲು ಹಾಕಿಕೊಳ್ಳುತ್ತಿದ್ದ ಬೀದಿಯವರೇ ತಟ್ಟೆ ಹಿಡಿದು ಬಂದರು. ಅತ್ತೆ ಮಾತ್ರ "ಆ ವಾಸನೇದು ನಂಗೆ ಬೇಡ" ಎಂದು ಮುಖ ತಿರುಗಿಸಿದರು.

ಮಧ್ಯಾಹ್ನ ಉಳಿದ ಬನ್ಸ್ ಹಾಕಿಟ್ಟ ಡಬ್ಬ ನೋಡಿದರೆ ನಾಲ್ಕು ಕಡಿಮೆ. ಬೆಕ್ಕೇನಾದರೂ ಬಾಯಿ ಹಾಕಿತೇನೋ ಎಂದು ಹೆದರಿ ಅತ್ತೆಯನ್ನು ಕೇಳಲು ಹಿತ್ತಲಿಗೆ ಹೋದೆ. ಅವರು ಬೆನ್ನು ಹಾಕಿ ಕೂತಿದ್ದರು. "ಅತ್ತೆ, ಬೆಕ್ಕು ಬಂದಿತ್ತಾ?" ಎಂದೆ. "ಹ್ಞೂಂ" ಎಂದರು. "ಡಬ್ಬದ ಮುಚ್ಚಳ ಅದೇ ತೆಗೀತಾ?" ಎಂದೆ. ಅದಕ್ಕೂ "ಹ್ಞೂಂ". ಪಕ್ಕದಿಂದ ಇಣುಕಿದರೆ ಎರಡೂ ಕೆನ್ನೆ ಉಬ್ಬಿದ್ದವು. ನಾನು ಈ ಮನೆಗೆ ಬಂದ ಮೇಲೆ ಅತ್ತೆ ಬೈಯದೆ ಮಾತು ಮುಗಿಸಿದ್ದು ಅದೇ ಮೊದಲು.

೪. ಹುಡುಗಿಯೇ ಮಾಡಿದ್ದು

ನನ್ನ ನಾದಿನಿಯನ್ನು ಅದಾಗಲೇ ಎರಡು ಕಡೆಯವರು ನೋಡಿ, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಹೋಗಿದ್ದರು. ಒಂದು ಕಾಗದವೂ ಬರಲಿಲ್ಲ. ಒಳ್ಳೆಯ ಹುಡುಗಿ, ನನಗೆ ಅವಳೆಂದರೆ ಪ್ರಾಣ. ಆದರೆ ಮನೆಗೆ ಕೊನೆಯವಳೆಂದು ಮುದ್ದಾಗಿ ಬೆಳೆದವಳು, ನೀರು ಕುದಿಯುವುದು ಬಿಟ್ಟರೆ ಅಡುಗೆಯಲ್ಲಿ ಏನನ್ನೂ ಕಂಡವಳಲ್ಲ. ಮೂರನೆಯವರು ದೇವನಹಳ್ಳಿಯಿಂದ ನಾಳೆಯೇ ಬರುತ್ತೇವೆ ಎಂದು ಹೇಳಿ ಕಳಿಸಿದರು. ಹೊಸ ತಿಂಗಳ ಗೋಧಿ ಬಂದಿತ್ತು, ತೋಟದ ಹಣ್ಣೂ ಇತ್ತು, ಆದರೆ ಕೇಸರಿಬಾತಿಗೆ ಮನೆಯಲ್ಲಿ ಸಕ್ಕರೆ ಇಲ್ಲ.

"ಬನ್ಸೇ ಮಾಡು. ಕೇಳಿದ್ರೆ ಹುಡುಗೀನೇ ಮಾಡಿದ್ದು ಅನ್ನೋದು" ಎಂದರು ಅತ್ತೆ. ಯಾರ ಮನೆಯಲ್ಲಾದರೂ ಅನ್ನುವುದು ಅದೇ. ನನಗೆ ಮಾತ್ರ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಈ ಸಲವೂ ತಪ್ಪಿಹೋದರೆ ಅದಕ್ಕೆ ನನ್ನ ಬನ್ಸೇ ಕಾರಣವಾಗುತ್ತದೆ.

ಹುಡುಗ ತಲೆ ತಗ್ಗಿಸಿ ಮೂರು ತಿಂದ. ಅವನ ತಂದೆ ಮಾತಿಲ್ಲದೆ ಐದು ತಿಂದರು. ತಾಯಿ ಒಂದನ್ನು ಮುರಿದು, ಒಳಗೆ ನೋಡಿ, ನನ್ನ ನಾದಿನಿಯನ್ನು ಕೇಳಿದರು: "ಚೆನ್ನಾಗಿದೆ ಕಣಮ್ಮ. ನೀನೇನಾ ಮಾಡಿದ್ದು? ಹಿಟ್ಟಿಗೆ ನೀರು ಎಷ್ಟು ಹಾಕ್ದೆ?"

ನಾದಿನಿ ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆ ನೋಡಿದಳು. ನೀರು ಹಾಕುವುದೇ ಇಲ್ಲ ಎಂದು ತಿಳಿಸಲು ನಾನು ತಲೆ ಅಲ್ಲಾಡಿಸಿದೆ. ಅವಳಿಗೆ ತಿಳಿಯಲಿಲ್ಲ. ನಾನು ಇನ್ನೂ ಜೋರಾಗಿ, ಕೈಯನ್ನೂ ಸೇರಿಸಿ ಬೇಡ ಬೇಡ ಎಂದು ಅಲ್ಲಾಡಿಸಿದೆ.

ನಾದಿನಿ ತಿರುಗಿ ವಿನಯದಿಂದ ಹೇಳಿದಳು: "ಹೇಳಬೇಡ ಅಂತಿದ್ದಾರೆ ಅತ್ತಿಗೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಬಾಗಿಲನ್ನೇ ಹಿಡಿದುಕೊಂಡೆ. ಮುಗಿಯಿತು, ಇನ್ನು ಇವರೂ ಕಾಗದ ಬರೆಯುವವರೇ ಎಂದುಕೊಂಡೆ.

ಹುಡುಗನ ತಾಯಿ ಮೊದಲು ನಾದಿನಿಯನ್ನು ನೋಡಿದರು, ಆಮೇಲೆ ಬಾಗಿಲ ಹಿಂದಿನ ನನ್ನನ್ನು. ಇದ್ದಕ್ಕಿದ್ದಂತೆ ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಹೆದರ್ಕೋಬೇಡ್ರಮ್ಮ. ನನ್ನ ನೋಡೋಕೆ ಬಂದಾಗ ನಮ್ಮತ್ತಿಗೇನೂ ಹಿಂಗೇ ಬಾಗಿಲ ಹಿಂದೆ ನಿಂತಿದ್ರು. ಚಿರೋಟಿ ಅವರು ಮಾಡಿದ್ದು, ಮನೆಯವರು ಹುಡುಗೀನೇ ಮಾಡಿದ್ದು ಅಂದ್ರು. ನಂಗೆ ಈವತ್ತಿಗೂ ಚಿರೋಟಿ ಬರಲ್ಲ."

ನಮಗೆಲ್ಲ ಹೋದ ಜೀವ ಬಂದ ಹಾಗಾಯಿತು. ನಗುತ್ತಿದ್ದೆವು. ಆಗ ಅದುವರೆಗೂ ಬಾಯಿ ಬಿಡದಿದ್ದ ಹುಡುಗನ ತಂದೆ, ಆರನೆಯ ಬನ್ಸನ್ನು ನಿಧಾನವಾಗಿ ತಟ್ಟೆಗಿಟ್ಟು ಹೆಂಡತಿಯ ಕಡೆ ತಿರುಗಿದರು.

"ಆ ಚಿರೋಟಿ ನೀನು ಮಾಡಿದ್ದಲ್ವಾ?"

ಆಕೆಯ ನಗು ನಿಂತಿತು.

"ಇಪ್ಪತ್ತೆಂಟು ವರ್ಷದಿಂದ ಪ್ರತಿ ಹಬ್ಬಕ್ಕೂ ಕೇಳ್ತಿದ್ದೀನಿ. ಒಂದು ವರ್ಷ ತುಪ್ಪ ಸರಿಯಿಲ್ಲ ಅಂತಾಳೆ, ಒಂದು ವರ್ಷ ರವೆ ಸರಿಯಿಲ್ಲ ಅಂತಾಳೆ. ಯುದ್ಧ ಬಂದ ಮೇಲೆ ಯುದ್ಧ ಅಂತಾಳೆ." ಅವರು ಮಾವನವರ ಕಡೆ ತಿರುಗಿ ಕೈಮುಗಿದರು. "ಸ್ವಾಮಿ, ನಾವು ಕಾಗದ ಗೀಗದ ಬರೆಯಲ್ಲ. ಸಂಬಂಧ ನಮಗೆ ಒಪ್ಪಿಗೆ. ನಮ್ಮ ಹುಡುಗನಿಗೆ ಸತ್ಯ ಇವತ್ತೇ ಗೊತ್ತಾಯ್ತು, ಇಪ್ಪತ್ತೆಂಟು ವರ್ಷ ಕಾಯೋದಾದ್ರೂ ತಪ್ಪಲಿ."