ಸೃಷ್ಟಿಯ ಎಡಗಾಲಿಗೆ ಕುಸುಬಿ ಎಣ್ಣೆ

ಸೃಷ್ಟಿ, ಸಮರ್ಥ, ನನ್ನ ಮೊಮ್ಮಕ್ಕಳೇ, ನಿಮ್ಮ ಆಯಿ ನಾಚಿಕೆಯ ಹೆಂಗಸು ಎಂಬುದು ನಿಮಗೆ ಗೊತ್ತು. ಎಷ್ಟು ನಾಚಿಕೆ ಎಂಬುದು ಗೊತ್ತಿರಲಿಕ್ಕಿಲ್ಲ. ಮದುವೆಯಾದ ಹೊಸದರಲ್ಲಿ ಮುರಗೋಡದಿಂದ ತವರುಮನೆ ಕಟಕೋಳಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಊರು ಬಂತು. ಕಂಡಕ್ಟರ್ ಯಾರ ಜೊತೆಗೋ ಮಾತಿಗೆ ಬಿದ್ದಿದ್ದ, ನಿಲ್ಲಿಸಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ರಾಮದುರ್ಗದವರೆಗೆ ಹೋಗಿ ಇಳಿದು, ಇನ್ನೊಂದು ಬಸ್ಸು ಹತ್ತಿ ತಿರುಗಿ ಬಂದೆ. ಆಗಲೂ ಕಟಕೋಳದಲ್ಲಿ ಬೇರೆ ಯಾರೋ ಬಸ್ಸು ನಿಲ್ಲಿಸಿದರು ಎಂದು ಇಳಿದೆ. ನಿಮ್ಮ ಅಜ್ಜ ಬದುಕಿದ್ದಷ್ಟು ದಿನ ಈ ಕಥೆಯನ್ನು ಬಂದ ಬೀಗರಿಗೆಲ್ಲ ಚಹಾದ ಜೊತೆಗೆ ಕೊಡುತ್ತಿದ್ದರು. ಇಂಥವಳು ಬೈಲಹೊಂಗಲದ ಶಾಲೆಯ ಮೈದಾನದಲ್ಲಿ ಹತ್ತು ಹುಡುಗಿಯರ ಮುಂದೆ ನಿಂತು ಮಾತಾಡಿದ್ದೇನೆ. ಅದನ್ನು ಯಾರೂ ನಂಬುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಸಮರ್ಥ, ಇದೆಲ್ಲ ನಡೆದ ಮುಂಜಾನೆಗಳಲ್ಲಿ ನೀನಿನ್ನೂ ಹಾಸಿಗೆಯಲ್ಲಿ ಮಲಗಿರುತ್ತಿದ್ದೆ, ನಿನಗಾಗಿ ಮೊದಲಿನಿಂದ ಹೇಳುತ್ತೇನೆ. ಕಿತ್ತೂರಿನಲ್ಲಿ ಕಬಡ್ಡಿ ಪಂದ್ಯವಿತ್ತು. ನಮ್ಮ ಶಾಲೆಯವರು ಆಡುವಾಗ ಅಂಚಿಗೆ ನಿಂತು ಕೂಗಿ ಹುರುಪು ತುಂಬಲು ಸುನಂದಾ ಟೀಚರ್ ಹುಡುಗಿಯರ ಒಂದು ತಂಡ ಕಟ್ಟಿದ್ದರು. ಅದಕ್ಕೆ ಚಿಯರ್‌ಲೀಡಿಂಗ್ ಎನ್ನುತ್ತಾರೆ. ಬರೀ ಕೂಗಿದ್ದರೆ ನನಗೆ ತಿಳಿಯುತ್ತಿತ್ತು, ಇವರು ಒಬ್ಬರ ಮೇಲೊಬ್ಬರು ಹತ್ತಿಯೂ ನಿಲ್ಲುತ್ತಿದ್ದರು. ಇಬ್ಬರು ಅಕ್ಕಪಕ್ಕ ಮೊಣಕಾಲು ಮಡಚಿ ಗಟ್ಟಿಯಾಗಿ ನಿಲ್ಲಬೇಕು. ಮೂರನೆಯವಳು ಅವರ ತೊಡೆಯ ಮೇಲೆ ಒಂದೊಂದು ಕಾಲಿಟ್ಟು ಎದ್ದು ಎರಡೂ ಕೈ ಮೇಲೆತ್ತಬೇಕು. ಕೆಳಗಿನವರು ಅವಳ ಕಾಲನ್ನು ಮೊಣಕಾಲ ಹತ್ತಿರ ತಬ್ಬಿ ಹಿಡಿಯಬೇಕು. ಬಿದ್ದರೆ ಹಿಡಿಯಲೆಂದು ಹಿಂದೆ ಇನ್ನಿಬ್ಬರು ಕೈಚಾಚಿ ನಿಂತಿರಬೇಕು. ಮೇಲೆ ನಿಲ್ಲುವವಳು ನಮ್ಮ ಸೃಷ್ಟಿ. ಅವಳ ಎಡಗಾಲು ಹಿಡಿಯುವವಳು ಚಚಡಿ ಊರಿನ ಭಾಗ್ಯಶ್ರೀ, ಮೇವಿನ ಹೊರೆ ಹೊತ್ತು ಬೆಳೆದ ಹುಡುಗಿ. ಟೀಚರ್ ತಾವೇ ಅವಳ ಮನೆಗೆ ಹೋಗಿ, ನಿಮ್ಮ ಮಗಳ ಕೈಬಲ ನಮಗೆ ಬೇಕು ಎಂದು ಕೇಳಿದ ಮೇಲೆ ತಂದೆ ಅವಳನ್ನು ಮುಂಜಾನೆಯ ಮೊದಲ ಬಸ್ಸಿಗೆ ಬಿಟ್ಟಿದ್ದ. ನಿಮ್ಮ ಅವ್ವ ಕೆಲಸಕ್ಕೆ ಸವದತ್ತಿಯ ಬಸ್ಸು ಹಿಡಿಯಬೇಕಾದ್ದರಿಂದ ಸೃಷ್ಟಿಯ ಜೊತೆಗೆ ಮೈದಾನಕ್ಕೆ ಹೋಗುವುದು ನನ್ನ ಪಾಲಿಗೆ ಬಂತು.

ಟೀಚರ್ ಬಹಳ ಶಿಸ್ತಿನವರು. ಬಳೆ, ಗೆಜ್ಜೆ ಇರಕೂಡದು. ಉಗುರು ಕತ್ತರಿಸಿರಬೇಕು. ಹಾರಿ ಇಳಿಯಕೂಡದು, ಹತ್ತಿದ ಹಾಗೆಯೇ ಇಳಿಯಬೇಕು. ಎಣ್ಣೆಯ ಮಾತು ಮಾತ್ರ ಅವರು ಎತ್ತಲಿಲ್ಲ. ಬೆಳಗಾಗುವ ಮೊದಲೇ ಎದ್ದು ಮೊಮ್ಮಗಳ ಕಾಲಿಗೆ ಕುಸುಬಿ ಎಣ್ಣೆ ತಿಕ್ಕುವ ಮುದುಕಿಯೊಬ್ಬಳು ಇರುತ್ತಾಳೆಂದು ಅವರು ಕಲಿತ ಕಡೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಸೃಷ್ಟಿ, ನಿನ್ನ ಎಡಗಾಲು ಸಣ್ಣವಳಿದ್ದಾಗ ಉಳುಕಿತ್ತು. ಮೇಲೆ ಹತ್ತಿ ನಿಲ್ಲುವ ಕಾಲು ಗಟ್ಟಿಯಿರಲಿ ಎಂದು ಅದಕ್ಕಷ್ಟೇ ತಿಕ್ಕುತ್ತಿದ್ದೆ. ನೀನು ಕೂತಲ್ಲೇ ತೂಕಡಿಸುತ್ತಿದ್ದೆ, ಎಣ್ಣೆ ಹಚ್ಚಿದರೂ ಒಂದೇ, ಸುಣ್ಣ ಹಚ್ಚಿದರೂ ಒಂದೇ. ನನಗಾದರೂ ತಿಳಿಯಬೇಕಿತ್ತು. ನನ್ನ ಅಣ್ಣ ಗರಡಿಯ ಪೈಲವಾನ. ಕುಸ್ತಿಗೆ ಇಳಿಯುವ ಮೊದಲು, ಹಿಡಿತ ಜಾರದಿರಲೆಂದು ಮೈಗೆಲ್ಲ ಮಣ್ಣು ತಿಕ್ಕಿಕೊಳ್ಳುತ್ತಿದ್ದ. ಆ ಅಂಗಿ ಚಡ್ಡಿ ಒಗೆದವಳು ನಾನು, ಮಣ್ಣು ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ.

ಮೊದಲ ದಿನ ಸೃಷ್ಟಿ ಮೇಲೆದ್ದು ಕೈ ಎತ್ತುವಷ್ಟರಲ್ಲಿ ಎಡಗಾಲು ಜಾರಿತು. ಹಿಂದಿನವರು ಹಿಡಿದರು. ಮರುದಿನವೂ ಹಾಗೆಯೇ. ಮೂರನೆಯ ದಿನ ಹಿಂದಿನವರ ಕೈಗೆ ಅರ್ಧವಷ್ಟೇ ಸಿಕ್ಕಳು, ಉಳಿದರ್ಧ ಕೆಳಗೆ ಹಾಸಿದ್ದ ಚಾಪೆಯ ಮೇಲೆ ಬಿತ್ತು. ಪೆಟ್ಟೇನೂ ಆಗಲಿಲ್ಲ. ಟೀಚರ್ ಎಲ್ಲರನ್ನೂ ನಿಲ್ಲಿಸಿ ಭಾಗ್ಯಶ್ರೀಯನ್ನು ಕರೆದರು. ದನಿ ಏರಿಸಲಿಲ್ಲ.

"ಭಾಗ್ಯಾ, ಇದು ಮೂರನೇ ಸಲ. ಯಾರದರ ಕೈಕಾಲು ಮುರದ ಮ್ಯಾಲ ನಾ ಏನ್ ಹೇಳ್ಲಿ? ನಾಳಿಂದ ನೀ ಬರೂದ ಬ್ಯಾಡ, ಬ್ಯಾರೆದಾಕಿನ್ನ ನಿಂದ್ರಸ್ತೇನಿ."

ಭಾಗ್ಯಶ್ರೀ ಅಂಗೈಯನ್ನು ಅಂಗಿಗೆ ಒರೆಸಿಕೊಂಡಳು, ಮೂಗಿನ ಹತ್ತಿರ ಹಿಡಿದು ಮೂಸಿದಳು, ಆಮೇಲೆ ಬೇವಿನ ಗಿಡದ ಕೆಳಗೆ ಕೂತ ನನ್ನ ಕಡೆಗೆ ನೋಡಿದಳು. ಆದರೂ ಎಣ್ಣೆಯ ಮಾತೆತ್ತಲಿಲ್ಲ. ಕಟಕೋಳ ದಾಟಿ ಹೋಗುತ್ತಿದ್ದ ಬಸ್ಸಿನಲ್ಲಿ ನನ್ನ ಮುಖವೂ ಹೀಗೆಯೇ ಇದ್ದಿರಬೇಕು.

ನಾನು ಎದ್ದೆ. ಮೈದಾನ ಅಷ್ಟು ಉದ್ದವಿದೆ ಎಂದು ಕೂತಾಗ ಅನಿಸಿರಲಿಲ್ಲ. ನಡುವೆ ಎರಡು ಸಲ ಸೆರಗು ಸರಿ ಮಾಡಿಕೊಂಡೆ, ಸರಿಯಾಗಿಯೇ ಇತ್ತು. ಟೀಚರ್ ನನಗೆ ಹೊಟ್ಟೆನೋವು ಬಂದಿದೆಯೆಂದು ತಿಳಿದು ನೀರು ತರಿಸಲು ಹೊರಟರು.

"ನೀರು ಬ್ಯಾಡ್ರಿ," ಅಂದೆ. "ಆ ಹುಡುಗಿದೇನೂ ತಪ್ಪಿಲ್ರಿ ಟೀಚರ್. ದಿನಾ ಮುಂಜಾನಿ ನಾನ ಮೊಮ್ಮಗಳ ಕಾಲಿಗೆ ಎಣ್ಣಿ ತಿಕ್ಕತೇನ್ರಿ."

ಟೀಚರ್ ಸೃಷ್ಟಿಯ ಮೊಣಕಾಲ ಮೇಲೆ ಬೆರಳಾಡಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಹಿಂದಿನಿಂದ ಯಾರೋ, "ಆಯಿ, ಸಾಸಿವಿ ಜೀರಗಿನೂ ಹಾಕಿದ್ರ ಒಗ್ಗರಣಿನ ಆಗತಿತ್ತು," ಎಂದಳು. ಎಲ್ಲರೂ ನಕ್ಕರು. ಸೃಷ್ಟಿ, ನೀನು ನಗಲಿಲ್ಲ, ನಾಲ್ಕು ದಿನ ನನ್ನ ಜೊತೆ ಮಾತೂ ಆಡಲಿಲ್ಲ. ಬಿಸಿಯೂಟದ ಕೋಣೆಯಿಂದ ಕಡಲೆ ಹಿಟ್ಟು ತಂದು ಕಾಲು ತೊಳೆಸಿದರು. ಭಾಗ್ಯಶ್ರೀ ಮತ್ತೆ ಹಿಡಿದಳು. ಈ ಸಲ ನೀನು ಬೇವಿನ ಗಿಡದ ಹಾಗೆ ನಿಂತೆ. ಮುಂದೆ ಕಿತ್ತೂರಿನಲ್ಲೂ ನೀನು ಹಾಗೆಯೇ ನಿಂತೆ, ಕೆಳಗೆ ಹಿಡಿದವಳು ಭಾಗ್ಯಶ್ರೀಯೇ. ಕಬಡ್ಡಿಯಲ್ಲಿ ಮಾತ್ರ ನಮ್ಮವರು ಸೋತರು.

ಆ ದಿನ ಟೀಚರ್ ಹುಡುಗಿಯರಿಗೆ, ತಪ್ಪು ಒಪ್ಪಿಕೊಳ್ಳೋದು ಈ ಆಯಿಯಿಂದ ಕಲೀರಿ ಎಂದು ಹೇಳಿದರು. ನಾನು ನೆಲ ನೋಡುತ್ತ ನಿಂತಿದ್ದೆ, ಎಲ್ಲರೂ ಅದನ್ನು ನಾಚಿಕೆ ಎಂದುಕೊಂಡರು. ಕಾಲು ಎಣ್ಣೆಯಿಂದಲೇ ಜಾರುತ್ತಿದೆ ಎಂದು ನನಗೆ ಮೊದಲನೆಯ ದಿನವೇ ತಿಳಿದಿತ್ತು. ಹೇಳಲು ನಾಚಿಕೆಯಾಗಿ ಸುಮ್ಮನಾದೆ. ಎರಡನೆಯ ದಿನ, ಹಚ್ಚುವುದನ್ನು ಬಿಟ್ಟರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಇನ್ನಷ್ಟು ಎಣ್ಣೆ ಹಚ್ಚಿದೆ, ಕಾಲು ಗಟ್ಟಿಯಾದರೆ ತಾನೇ ಜಾರದು ಎಂದುಕೊಂಡೆ. ಇದು ಭಾಗ್ಯಶ್ರೀಗೆ ಗೊತ್ತಿರಬಹುದು, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಆದರೆ ಟೀಚರ್ ಮನೆಗೆ ಬಂದಾಗ ಇವು ಕಪಾಟಿನೊಳಗಿರಲಿ.